ಎಡಗಡೆಯ ಬಟನ್

ಪ್ರೀತಿಯ ಡೆಲ್ಮರ್,

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷಮೆ ಕೇಳಬೇಕೋ, ಹಳೆಯ ಜಗಳ ಮುಂದುವರಿಸಬೇಕೋ ಇನ್ನೂ ತಿಳಿಯುತ್ತಿಲ್ಲ. ನಿನ್ನ ಕೋಡನ್ನು ನಾನು ಅಳಿಸಿಬಿಟ್ಟೆ. ಬೇಕೆಂದು ಅಲ್ಲ. ಹಾಗೆಂದು ಅಂದುಕೊಂಡಿದ್ದೇನೆ.

ಡುಲುತ್ ಊರಿನ ನನ್ನ ಮನೆಯ ನೆಲಮಾಳಿಗೆಯಲ್ಲಿ ಒಂದೇ ಮೇಜಿನ ಮೇಲೆ ಮೂರು ಬಗೆಯ ಕಂಪ್ಯೂಟರ್ ಇಟ್ಟುಕೊಂಡು ನಾವಿಬ್ಬರೂ ಟೂಲ್‌ಕಿಟ್ ಕಟ್ಟಿದ್ದು ನೆನಪಿದೆಯೇ? ಪ್ರೋಗ್ರಾಮನ್ನು ಒಮ್ಮೆ ಬರೆದರೆ ಸಾಕು, ಮೂರರಲ್ಲೂ ಅದರ ವಿಂಡೋ, ಮೆನು, ಬಟನ್ ಮೂಡಬೇಕು. ಮೂಡಿದವು. ಆದರೆ ‘ಸರಿ’ ಬಟನ್ ಎಡಕ್ಕೋ ‘ಬೇಡ’ ಬಟನ್ ಎಡಕ್ಕೋ ಎಂಬಲ್ಲಿ ಹದಿಮೂರು ವರ್ಷದ ಸ್ನೇಹ ಮುರಿಯಿತು. ಎಲ್ಲ ಕಡೆಯೂ ‘ಸರಿ’ ಎಡಕ್ಕೇ ಇರಲಿ ಎಂದು ನನ್ನ ಹಠ. “ಯಾರ ಮನೆಗೆ ಹೋದ್ರೂ ಅವರು ಬೂಟು ಬಿಡೋ ಕಡೇನೇ ನಾವೂ ಬಿಡ್ಬೇಕು ಮಾರ್ಲಿಸ್. ಜನರ ಕೈಗೆ ಅವರವರ ಯಂತ್ರದ ಅಭ್ಯಾಸ ಆಗಿರುತ್ತೆ” ಅಂದೆ ನೀನು. “ಕಲಿಸಿದ್ರೆ ಕೈ ಕಲಿಯುತ್ತೆ ಬಿಡೋ” ಅಂದೆ ನಾನು. ಆ ಹೊತ್ತಿಗೆ ನಮ್ಮ ಜೊತೆ ಸೇರಿದ್ದ ತಂಡದ ಮತ ನನ್ನ ಕಡೆ ಬಿತ್ತು. ನೀನು ಕಾಫಿ ಲೋಟ ತೊಳೆದಿಟ್ಟು ಹೊರಟುಹೋದೆ.

ಹಳೆಯ ಯಂತ್ರವೊಂದಕ್ಕಾಗಿ ಟೂಲ್‌ಕಿಟ್‌ನಲ್ಲಿ ನೀನು ಬರೆದ ಭಾಗವನ್ನು ತೆಗೆಯೋಣ ಎಂದು ಹೋದ ವರ್ಷ ತಂಡದ ಹೊಸಬರು ಕೇಳಿದರು. “ಬಳಸುವವರಿದ್ದರೆ ಒಂದು ವರ್ಷದೊಳಗೆ ತಿಳಿಸಿ” ಎಂದು ನಮ್ಮ ಪದ್ಧತಿಯಂತೆ ಸೂಚನೆ ಹಾಕಿದೆವು. ಹನ್ನೊಂದು ತಿಂಗಳು ಯಾರೂ ಉಸಿರೆತ್ತಲಿಲ್ಲ. ಆಮೇಲೆ ಹೆಸರಿಲ್ಲದ ಒಂದು ಸಾಲು: “ನಾನೊಬ್ಬ ಇದ್ದೀನಿ. ತೆಗೀಬೇಡಿ.” ಜೊತೆಗೊಂದು ಪರದೆಯ ಚಿತ್ರ. ನೋಡಿದರೆ, ಅದೇ ಹಳೆಯ ಯಂತ್ರದಲ್ಲಿ ನೀನು ನಿನ್ನ ಹೆಂಡತಿ ಲೊರೇನಳಿಗೆ ಬರೆದುಕೊಟ್ಟ ಅಡುಗೆ ಪಟ್ಟಿಯ ಪ್ರೋಗ್ರಾಮು! ಅವಳ ಕಾಡಕ್ಕಿ ಸೂಪು ಎಲ್ಲಕ್ಕಿಂತ ಮೇಲಿತ್ತು. ಅವಳು ತೀರಿಕೊಂಡಾಗ ಮಣ್ಣಿಗೂ ನಾನು ಬರಲಿಲ್ಲ. ಇನ್ನೂ ಅದನ್ನು ತೆರೆದು ನೋಡುತ್ತೀಯಾ?

ತೆಗೆಯುವ ಕೋರಿಕೆಗೆ ‘ಬೇಡ’ ಎನ್ನಲೆಂದೇ ಕೂತೆ. ಹೋದ ತಿಂಗಳು ಕೊಂಡ ನನ್ನ ಕಂಪ್ಯೂಟರಿನಲ್ಲಿ ಬೇರೆಲ್ಲ ಕಡೆ ‘ಬೇಡ’ ಎಡಕ್ಕಿದೆ. ಕೈ ತಾನಾಗಿ ಎಡಕ್ಕೆ ಹೋಯಿತು. ಇಂಥ ಕೋರಿಕೆಗಳನ್ನು ಪರಿಶೀಲಿಸಿ ಒಪ್ಪಲೆಂದು ನಮ್ಮದೇ ಟೂಲ್‌ಕಿಟ್‌ನಿಂದ ಮಾಡಿದ ಪ್ರೋಗ್ರಾಮಿನಲ್ಲಿ ಮಾತ್ರ, ನನ್ನ ಹಠದ ಪುಣ್ಯದಿಂದ, ಎಡಕ್ಕಿರುವುದು ‘ಸರಿ’. “ತೆಗೆಯಲಾಗಿದೆ, ಒಪ್ಪಿದವರು ಮಾರ್ಲಿಸ್” ಎಂದು ಎಲ್ಲರಿಗೂ ಇಮೇಲ್ ಹೋಯಿತು. ನಿನಗೂ ಬಂದಿರಬೇಕು. ಕೈ ತಪ್ಪಿತೋ, ಒಳಗೆಲ್ಲೋ ನಿನ್ನ ಮೇಲಿನ ಸಿಟ್ಟು ತೀರಿರಲಿಲ್ಲವೋ? ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿದೆ.

ಅಳಿಸಿದ್ದನ್ನು ಮರಳಿ ತರುವುದು ಕಷ್ಟವಲ್ಲ, ತಂದು ಒಪ್ಪಿಗೆಗೆ ಇಟ್ಟಿದ್ದೇನೆ. ಬಟನ್‌ಗಳು ಆಯಾ ಯಂತ್ರದ ರೂಢಿಯಂತೆಯೇ ಇರಲಿ ಎಂದೂ ತಿದ್ದಿದ್ದೇನೆ. ಆದರೆ ಯಾರೂ ತಮ್ಮ ತಿದ್ದುಪಡಿಯನ್ನು ತಾವೇ ಒಪ್ಪುವಂತಿಲ್ಲ ಎಂಬ ನಿಯಮ ಮಾಡಿದವನು ನೀನೇ. ಆ ಭಾಗ ಅರ್ಥವಾಗುವವರು ಇಲ್ಲಿ ಬೇರೆ ಯಾರೂ ಇಲ್ಲ. ಒಪ್ಪುವವರ ಪಟ್ಟಿಯಿಂದ ನಿನ್ನ ಹೆಸರನ್ನು ಇಂದಿಗೂ ತೆಗೆದಿಲ್ಲ. ಯಾಕೆಂದು ಕೇಳಬೇಡ, ನನಗೂ ಗೊತ್ತಿಲ್ಲ.

ಬಂದು ನೋಡು ಡೆಲ್ಮರ್. ‘ಬೇಡ’ ಎನ್ನುವುದಿದ್ದರೂ ಬಂದು ಅನ್ನು. ಯಾವುದು ಎಡಕ್ಕಿದೆ ಎಂದು ನೋಡಿಕೊಂಡು ಒತ್ತು, ಅಷ್ಟೇ.

ಲೊರೇನಳ ಪಟ್ಟಿ ನಿನಗೆ ದಿನವೂ ತೆರೆಯಲಿ, ನಿನ್ನ ಮನೆ ಬೆಚ್ಚಗಿರಲಿ.

ನಿನ್ನ ಮೊಂಡು ಗೆಳತಿ,
ಮಾರ್ಲಿಸ್