ಹಿಂದಿನ ಗಾಜಿನ ಹೆಸರು

ಕಾಣಿಯೂರು
12 ನವೆಂಬರ್ 2025, ಬುಧವಾರ

ಪ್ರೀತಿಯ ಮೋನೇ ಶಾಫೀ,

ಅಸ್ಸಲಾಮು ಅಲೈಕುಂ. ಬೆನ್ನುನೋವು ಹೇಗಿದೆ? ಕ್ರೇನಿನ ಸೀಟಿಗೆ ದಿಂಬು ಇಟ್ಟುಕೋ ಎಂದಿದ್ದೆ. ಇಟ್ಟುಕೊಂಡೆಯೋ, ಉಮ್ಮನ ಮಾತು ಎಂದು ಗಾಳಿಗೆ ಬಿಟ್ಟೆಯೋ? ಅಡುಗೆಯ ಸರದಿ ತಪ್ಪಿಸಿಕೊಂಡು ಬರೀ ಕುಬ್ಬೂಸ್ ರೊಟ್ಟಿ ತಿಂದು ಮಲಗಬೇಡ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ನಾವು ಕ್ಷೇಮವಾಗಿಲ್ಲ. ಕಳೆದ ಗುರುವಾರದಿಂದ ನೀನು ಫೋನ್ ಎತ್ತುತ್ತಿಲ್ಲ, ಅದು ಬಡಿದುಕೊಂಡು ಬಡಿದುಕೊಂಡು ನಿಲ್ಲುತ್ತದೆ. ಮೂಸಕುಂಞಿ ರಜೆ ಮುಗಿಸಿ ನಾಳೆ ಸೌದಿಗೆ, ನಿನ್ನ ಜುಬೈಲಿಗೇ ಹೊರಟಿದ್ದಾನೆ. ಈ ಕಾಗದವನ್ನು ನಿನ್ನ ರೂಮಿಗೇ ತಂದು ಕೊಡಬೇಕು, ನೀನು ಓದಿ ಮುಗಿಸುವ ತನಕ ಬಾಗಿಲಲ್ಲೇ ನಿಲ್ಲಬೇಕು ಎಂದು ಅವನಿಗೆ ಹೇಳಿದ್ದೇನೆ. ಪತ್ತಿರಿ ರೊಟ್ಟಿಯ ಪೊಟ್ಟಣವೂ ಇದೆ. ಕಾಗದ ಓದಿದ ಮೇಲೆ ಅದನ್ನು ತಿನ್ನು.

ಶನಿವಾರ ನಾನು ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳಿಕೆ ಕೊಡಬೇಕು. ಕೊಡಬೇಡ ಎಂದು ಅರ್ಧ ಊರು ನನ್ನ ಬೆನ್ನು ಹತ್ತಿದೆ. ಕೊಟ್ಟರೆ ನಮ್ಮವರದ್ದೇ ಹುಡುಗರು ಒಳಗೆ ಹೋಗುತ್ತಾರೆ. ಕೊಡದಿದ್ದರೆ ಕಿಟ್ಟಣ್ಣನ ಮಗ ಒಂದು ಕಣ್ಣು ಕಳೆದುಕೊಂಡದ್ದು ಯಾರಿಂದಲೂ ಅಲ್ಲ ಎಂದಾಗುತ್ತದೆ. ನಿನ್ನ ಕಿವಿಗೆ ಏನು ಬಿದ್ದಿದೆಯೋ ಗೊತ್ತಿಲ್ಲ, ಅದಕ್ಕೆ ಮೊದಲಿನಿಂದಲೇ ಬರೆಯುತ್ತೇನೆ.

ನಮಗೆ ಕಾರು ಬೇಕಾದದ್ದು ಮೆರೆಯಲಿಕ್ಕಲ್ಲ. ನಿನ್ನ ಉಪ್ಪನಿಗೆ ವಾರಕ್ಕೆರಡು ಸಲ ಪುತ್ತೂರಿನಲ್ಲಿ ಡಯಾಲಿಸಿಸ್. ಹೋಗುವಾಗ ಬಸ್ಸು ಆದೀತು. ಬರುವಾಗ ಅವರು ಬಸ್ಸಿನ ಕಂಬ ಅಪ್ಪಿಕೊಂಡು ನಿಲ್ಲುವುದನ್ನು ನೀನು ನೋಡಿಲ್ಲ. ಒಮ್ಮೆ ಕಂಡಕ್ಟರ್ ‘ಎಂತ ಬ್ಯಾರಿಗಳೇ, ಕುಡಿದಿದ್ದೀರಾ?’ ಎಂದ. ಅವನ ಟಿಕೆಟ್ ಮೆಷಿನನ್ನು ಕಿತ್ತು ಅವನ ತಲೆಗೇ ಬಡಿಯುವವಳಿದ್ದೆ, ನಿನ್ನ ಉಪ್ಪ ನನ್ನ ಮಣಿಕಟ್ಟು ಬಿಡಲಿಲ್ಲ. ಕಾರಿನ ಮಾತು ಎತ್ತಿದಾಗ ನೀನು, ‘ಸೆಕೆಂಡ್ ಹ್ಯಾಂಡ್ ಡಬ್ಬ ಎಂತಕ್ಕೆ ಉಮ್ಮಾ? ಮರ್ಯಾದೆ ಹೋಗ್ತದೆ. ಮುಂದಿನ ವರ್ಷ ನಾನು ಬಂದು ದೊಡ್ಡದೇ ತೆಗೀತೇನೆ’ ಎಂದೆ. ನಿನ್ನ ಉಪ್ಪನ ಕಿಡ್ನಿ ನಿನ್ನ ರಜೆಗೆ ಕಾಯುವುದಿಲ್ಲ ಮೋನೇ. ಅದಕ್ಕೇ ನಿನಗೆ ಹೇಳದೆ ಹುಡುಕಲು ಹೊರಟೆವು. ಅಂಗಳಕ್ಕೆ ಬಂದ ಮೇಲೆ ಫೋಟೋ ಕಳಿಸಿ ನಿನ್ನ ಬಾಯಿ ಮುಚ್ಚಿಸುವುದೆಂದು ನಿನ್ನ ತಂಗಿ ಫರ್ಝಾನಾ ಹೂಡಿದ ಸಂಚು. ಕಡಬದ ಲ್ಯಾಬಿನ ಕೆಲಸ ಮುಗಿಸಿ ಬಂದು, ದಿನಾ ಸಂಜೆ ಮೊಬೈಲಿನಲ್ಲಿ ಹಳೇ ಕಾರುಗಳನ್ನೇ ನೋಡುತ್ತಿದ್ದಳು.

ಮೊದಲು ಪುತ್ತೂರಿನಲ್ಲಿ ಒಂದು ಬಿಳಿ ಕಾರು. ಹೊಳೆಯುವ ಬಣ್ಣ, ಒಳಗೆ ಮದುಮಗನ ಹಾಗೆ ಅತ್ತರಿನ ವಾಸನೆ. ಫರ್ಝಾನಾ ಕಾಲಡಿಯ ಮ್ಯಾಟ್ ಎತ್ತಿದಳು, ಅಡಿಯಲ್ಲೆಲ್ಲ ತುಕ್ಕು ಮತ್ತು ಒಣಗಿದ ಕೆಸರು. ನೆರೆಯಲ್ಲಿ ಮುಳುಗಿ ಎದ್ದ ಕಾರು. ಎರಡನೆಯದು ಸುಳ್ಯದಲ್ಲಿ. ಮೀಟರು ನೋಡಿದರೆ ಹೊಸತರ ಹಾಗೆ, ಕ್ಲಚ್ ಪೆಡಲಿನ ರಬ್ಬರ್ ಮಾತ್ರ ಸವೆದು ಬೋಳಾಗಿತ್ತು. ‘ಲೇಡಿ ಡಾಕ್ಟರ್ ಓಡಿಸಿದ್ದು ಮಾರಾಯ್ರೆ, ಗೀರು ಸಹ ಇಲ್ಲ’ ಎಂದ ಮಾರುವವನು. ಇವಳು ಡ್ರೈವರ್ ಸೀಟಿನ ಬೆಲ್ಟನ್ನು ಕೊನೆಯ ತನಕ ಎಳೆದಳು. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಗಟ್ಟಿಯಾಗಿ ಹಿಡಿದ ಕಂದು ಕಲೆ. ದಿನವಿಡೀ ರಕ್ತ ಪರೀಕ್ಷೆ ಮಾಡುವ ಹುಡುಗಿಗೆ ಅದು ಏನೆಂದು ಯಾರೂ ಹೇಳಬೇಕಾಗಿಲ್ಲ. ‘ನಿಮ್ಮ ಡಾಕ್ಟರ್ ಬದುಕಿದ್ದಾರಾ?’ ಎಂದು ನಾನೇ ಕೇಳಿದೆ. ಅವನು ಬಾನೆಟ್ಟು ದಡಾರನೆ ಮುಚ್ಚಿದ. ನನ್ನ ಬೆರಳು ಸ್ವಲ್ಪದರಲ್ಲಿ ಉಳಿಯಿತು. ಅಲ್ಲಿಯೂ ನಾಲ್ಕು ಮಾತು ಬಿಗಿದೇ ಬಂದೆ.

ಆಗ ನಿನ್ನ ಉಪ್ಪನಿಗೆ ಅಜ್ಜಾವರದ ಕಿಟ್ಟಣ್ಣ ನೆನಪಾದರು. ನಿನ್ನ ಉಪ್ಪ ಅಡಿಕೆ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲೆಲ್ಲ ಅವರ ಮನೆಯ ಅಡಿಕೆ ನಮಗೇ ಬರುತ್ತಿತ್ತಲ್ಲ, ಅವರೇ. ಕಣ್ಣಿಗೆ ಪೊರೆ ಬಂದು ಅವರು ಕಾರು ಓಡಿಸುವುದು ಬಿಟ್ಟಿದ್ದರು. ಹಳೇ ಆಲ್ಟೊ, ಒಬ್ಬರದ್ದೇ ಕೈ, ಬಾಗಿಲಿಗೆ ದನ ಗುದ್ದಿದ ನೆಗ್ಗು ಕೂಡ ಅಡಗಿಸದೆ ಹಾಗೇ ಇತ್ತು. ಅದನ್ನು ನೋಡಿಯೇ ನನಗೆ ನಂಬಿಕೆ ಬಂತು. ಕಿಟ್ಟಣ್ಣನ ಮಗ ಯತಿನ್ ನಮ್ಮನ್ನು ಕೂರಿಸಿಕೊಂಡು ಏರುದಾರಿಯಲ್ಲಿ ಓಡಿಸಿ ತೋರಿಸಿದ. ಬೆಲೆ ಕೇಳಿದರೆ ಕಿಟ್ಟಣ್ಣ ನಿನ್ನ ಉಪ್ಪನ ಕೈ ಹಿಡಿದು, ‘ಮೋನು ಬ್ಯಾರಿಗಳು ಹೇಳಿದ್ದೇ ರೇಟು’ ಎಂದು ಒಳಗೆ ಹೋಗಿ ಚಹಾ ತಂದರು.

ಆ ಕಾರಿನ ಹಿಂದಿನ ಗಾಜಿನ ಮೇಲೆ ‘ಸ್ವಾಮಿ ಕೊರಗಜ್ಜ’ ಎಂದು ದೊಡ್ಡ ಅಕ್ಷರದ ಸ್ಟಿಕ್ಕರ್ ಇತ್ತು. ಕಿಟ್ಟಣ್ಣನಿಗೇ ಸಂಕೋಚವಾಯಿತು. ‘ಬ್ಲೇಡ್ ಹಾಕಿ ತೆಗೆಸಿ ಕೊಡ್ತೇನೆ’ ಎಂದರು. ನಿನ್ನ ಉಪ್ಪ ಕೈ ಅಡ್ಡ ಹಿಡಿದರು. ‘ಬೇಡ ಕಿಟ್ಟಣ್ಣ. ಇಷ್ಟು ವರ್ಷ ನಿಮ್ಮನ್ನು ಕಾದ ಹೆಸರು. ನೀವು ಕೇಳಿಕೊಳ್ಳುವ ಕ್ರಮ ಉಂಟಲ್ಲ, ಅದು ಮಾಡಿಯೇ ತೆಗೀರಿ’ ಎಂದರು. ಸಂಕ್ರಮಣದ ದಿನ ಅವರು ದೈವಕ್ಕೆ ಎಲೆ ಅಡಿಕೆ ಇಟ್ಟು, ಕಾರು ಬೇರೆ ಮನೆಗೆ ಹೋಯಿತು ಎಂದು ಅರಿಕೆ ಮಾಡಿಕೊಂಡು, ನಮ್ಮಲ್ಲಿಗೆ ಬಂದು ತಮ್ಮ ಕೈಯಿಂದಲೇ ತೆಗೆಯುವುದು ಎಂದು ಮಾತಾಯಿತು. ಅಲ್ಲಿಯ ತನಕ ಹೆಸರು ಗಾಜಿನ ಮೇಲೆ ಇರಲಿ. ಇದರಲ್ಲಿ ಯಾರಿಗೆ ಏನು ನಷ್ಟ ಎಂದು ನಮ್ಮ ಮೂರು ತಲೆಗೂ ಹೊಳೆಯಲಿಲ್ಲ. ನಿನ್ನ ಉಪ್ಪನ ತಂದೆಯೂ ಹಾದಿಯಲ್ಲಿ ದೈವದ ಕಟ್ಟೆ ಕಂಡರೆ ಬೀಡಿ ಎಸೆದು ನಡೆಯುತ್ತಿದ್ದವರು. ನಮಗೆ ಗೊತ್ತಿದ್ದ ಊರು ಅದು.

ಗುರುವಾರ ಕಾರು ತರಲು ನಾನು ಮತ್ತು ಫರ್ಝಾನಾ ಹೋದೆವು. ಕೊಟ್ಟವರು ಕೊಂಡವರ ಅಂಗಳಕ್ಕೇ ಬಂದು ಕೀ ಕೈಗೆ ಇಡುವುದು ಕಿಟ್ಟಣ್ಣನ ಮನೆಯ ವಾಡಿಕೆಯಂತೆ. ಅಪ್ಪನ ಬದಲು ಯತಿನ್ ಹೊರಟ. ಫರ್ಝಾನಾ ಸ್ಟಿಯರಿಂಗ್ ಹಿಡಿದಳು, ಅವನು ಪಕ್ಕದಲ್ಲಿ ಕೂತು ‘ಅಕ್ಕ, ಗೇರ್ ಎಳೀಬೇಡಿ, ತಳ್ಳಿ’ ಎಂದು ಹೇಳಿಕೊಡುತ್ತಿದ್ದ. ಬೆಳ್ಳಾರೆಯಲ್ಲಿ ನಿಲ್ಲಿಸಿ, ಹೊಸ ಕಾರಿನ ಲೆಕ್ಕದಲ್ಲಿ ನೆರೆಮನೆಗೆಲ್ಲ ಹಂಚಲು ಹಲ್ವ ತರುತ್ತೇನೆಂದು ಹಿಂದಿನ ಸೀಟಿನಲ್ಲಿದ್ದ ನಾನೊಬ್ಬಳೇ ಅಂಗಡಿಗೆ ಇಳಿದೆ. ಅಷ್ಟು ಹೊತ್ತಿನಲ್ಲಿ ಯಾರೋ ಹಿಂದಿನಿಂದ ಫೋಟೋ ತೆಗೆದು ಹುಡುಗರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ. ಗಾಜಿನ ಮೇಲೆ ದೈವದ ಹೆಸರು, ಒಳಗೆ ಶಾಲು ಹೊದ್ದ ಹುಡುಗಿಯ ತಲೆ, ಪಕ್ಕದಲ್ಲಿ ಕೈಗೆ ಕೆಂಪು ನೂಲು ಕಟ್ಟಿದ ಹುಡುಗ. ಫೋಟೋದಲ್ಲಿ ಮುಖವೂ ಇಲ್ಲ, ನಾನೂ ಇಲ್ಲ.

ನಿಂತಿಕಲ್ಲು ದಾಟಿದ ಮೇಲೆ ಒಂದು ತಿರುವಿನಲ್ಲಿ ಬೈಕುಗಳು ಅಡ್ಡ ನಿಂತವು. ಹಿಂದಿನಿಂದ ಒಂದು ಓಮ್ನಿ ಬಂತು. ಮೊದಲ ಪೆಟ್ಟು ಗಾಜಿಗೆ ಬಿತ್ತು, ಚೂರುಗಳು ಹಲ್ವದ ಪೊಟ್ಟಣದೊಂದಿಗೆ ನನ್ನ ಮಡಿಲಲ್ಲಿ. ಯತಿನ್‌ನನ್ನು ಕೂದಲು ಹಿಡಿದು ಹೊರಗೆ ಎಳೆದರು. ‘ನಮ್ಮ ಹುಡುಗಿಯನ್ನು ಎಲ್ಲಿಗೆ ಕರ್ಕೊಂಡು ಹೋಗುದಾ?’ ಎಂದು ಕೇಳಿದವನಿಗೆ ಉತ್ತರ ಬೇಕಾಗಿರಲಿಲ್ಲ, ಮಾತು ಮುಗಿಯುವ ಮೊದಲೇ ರಾಡು ಬೀಸಿದ್ದ. ‘ಅಣ್ಣಾ, ಅವರ ಉಮ್ಮ ಹಿಂದೆ ಇದ್ದಾರೆ, ಕೇಳಿ!’ ಎಂದು ಯತಿನ್ ಕೂಗಿದ. ಬಾಯಿಗೇ ಒದ್ದರು. ಫರ್ಝಾನಾ ಇಳಿದು ಓಡಿ ಅವನ ಮೇಲೆ ಅಡ್ಡ ಬಿದ್ದಳು. ಅವಳ ಮಾನ ಕಾಪಾಡಲು ಬಂದ ಗಂಡಸರು ಅವಳ ಶಾಲು ಹಿಡಿದು ಎಳೆದು, ಕೆನ್ನೆಗೆ ಬಾರಿಸಿದರು. ಎಡಕಿವಿ ಇವತ್ತಿಗೂ ಕೇಳುತ್ತಿಲ್ಲ.

ನನ್ನ ಬಾಗಿಲನ್ನು ಒಬ್ಬ ಹೊರಗಿನಿಂದ ಒತ್ತಿ ಹಿಡಿದಿದ್ದ. ‘ಈ ಮುದುಕಿಯೇ ದಲ್ಲಾಳಿ’ ಎಂದ. ಶಾಫೀ, ನಾನು ನಿನ್ನನ್ನು ಒಂದು ಏಟೂ ಹೊಡೆಯದೆ ಸಾಕಿದವಳು. ಸೀಟಿನಡಿಯಲ್ಲಿ ಚಕ್ರ ಬಿಚ್ಚುವ ಸ್ಪ್ಯಾನರ್ ಇತ್ತು. ಎರಡೂ ಕಾಲಿನಿಂದ ಬಾಗಿಲು ಒದ್ದು ತೆರೆದು, ಅದನ್ನು ಅವನ ಮೊಣಕಾಲಿಗೆ ಬೀಸಿದೆ. ಕೊಂಬೆ ಮುರಿದ ಹಾಗೆ ಶಬ್ದ ಬಂತು. ಆ ಶಬ್ದ ನನಗೆ ಹಿತವಾಯಿತು, ಬರೆಯುವಾಗಲೂ ಹಿತವಾಗಿಯೇ ಇದೆ. ಇನ್ನೊಬ್ಬನ ಭುಜಕ್ಕೂ ಹಾಕಿದೆ. ಮೂರನೆಯವನ ತಲೆಗೇ ಗುರಿಯಿಟ್ಟಿದ್ದೆ, ಕೊಂದೇ ಬಿಡುತ್ತಿದ್ದೆ. ಅವನು ಹೆಲ್ಮೆಟ್ ತೆಗೆದ. ‘ಅಲ್ಲಾ! ನಿಲ್ಲಿಸಿಯಾ, ಇದು ಶಾಫಿಯ ಉಮ್ಮ!’ ಎಂದು ಅರಚಿದ. ಅಲಿ ಕುಂಞಿಯ ಮಗ ಸಿನಾನ್. ಶಾಲೆಯಲ್ಲಿ ನಿನ್ನ ಬೆಂಚಿನಲ್ಲಿ ಕೂತವನು, ನನ್ನ ಕೈಯ ಪತ್ತಿರಿ ತಿಂದು ಬೆಳೆದವನು. ಅವನ ರಾಡಿನಿಂದ ಯತಿನ್‌ನ ರಕ್ತ ತೊಟ್ಟಿಕ್ಕುತ್ತಿತ್ತು. ಮೊಣಕಾಲು ಮುರಿದವನನ್ನು ಓಮ್ನಿಗೆ ಎಳೆದು ಹಾಕಿಕೊಂಡು ಎಲ್ಲರೂ ಓಡಿಹೋದರು. ಚಕ್ರದ ಪಕ್ಕ ಬಿದ್ದಿದ್ದ ಯತಿನ್‌ನ ಮುಖ ನೋಡಿ ನಾನು ನನ್ನ ತಲೆಯ ಶಾಲು ತೆಗೆದು ಅವನ ಕಣ್ಣಿಗೆ ಕಟ್ಟಿದೆ. ರಸ್ತೆಯಲ್ಲಿ ಹಾಗೆ ಬರೀ ತಲೆಯಲ್ಲಿ ನಿಂತದ್ದು ಜೀವಮಾನದಲ್ಲೇ ಮೊದಲು. ಒಡೆದ ಗಾಜಿನ ಅದೇ ಕಾರಿನಲ್ಲಿ ಫರ್ಝಾನಾ ಅವನನ್ನು ಆಸ್ಪತ್ರೆಗೆ ಮುಟ್ಟಿಸಿದಳು, ಗೇರನ್ನು ಒಂದು ಸಲವೂ ಎಳೆಯದೆ.

ಬಲಗಣ್ಣು ಹೋಯಿತು. ದವಡೆಗೆ ತಂತಿ ಹಾಕಿದ್ದಾರೆ. ಕಿಟ್ಟಣ್ಣ ಬಂದಾಗ ಆಸ್ಪತ್ರೆಯ ಹೊರಗೆ ಅವರ ಕಡೆಯ ಹುಡುಗರು ಸೇರಿದ್ದರು. ‘ನೀವು ಹೂಂ ಅನ್ನಿ ಕಿಟ್ಟಣ್ಣ, ಇವತ್ತೇ ಲೆಕ್ಕ ಚುಕ್ತ’ ಎಂದು ಒಬ್ಬ ಹಲ್ಲು ಕಡಿಯುತ್ತಿದ್ದ. ಕಿಟ್ಟಣ್ಣ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದರು. ‘ನನ್ನ ಮಗನ ಹೆಸರಲ್ಲಿ ಇನ್ನೊಂದು ಮನೆಯ ಮಗನಿಗೆ ಕೈ ಹಾಕಿದ್ರೆ ಮೊದಲು ನನ್ನನ್ನು ಕೊಲ್ಲಬೇಕು’ ಎಂದರು. ಮತ್ತೆ ನನ್ನ ಕಡೆ ತಿರುಗಿ, ‘ನೆಬೀಸಕ್ಕ, ನಂಗೆ ಬೇರೆ ಎಂತದೂ ಬೇಡ. ನೀವು ಕಂಡದ್ದು ಕೇಳಿದ್ದು ಹೇಳಿ, ಸಾಕು’ ಎಂದರು. ಹೇಳುತ್ತೇನೆ, ಒಂದನ್ನೂ ಬಿಡುವುದಿಲ್ಲ ಎಂದು ಅವರ ಕೈ ಮುಟ್ಟಿ ಮಾತು ಕೊಟ್ಟಿದ್ದೇನೆ.

ಈಗ ದಿನಾ ನಮ್ಮ ಜಗಲಿಯಲ್ಲಿ ರಾಜಿ ಪಂಚಾಯಿತಿ. ಅಲಿ ಕುಂಞಿ, ‘ಹುಡುಗರು ಒಳ್ಳೇದಕ್ಕೇ ಹೊರಟದ್ದು, ಆಳು ತಪ್ಪಿತು ಅಷ್ಟೆ. ನೀವು ಕಾಲು ಮುರಿದದ್ದಕ್ಕೆ ನಿಮ್ಮ ಮೇಲೂ ಕೇಸ್ ಆಗ್ತದೆ’ ಎಂದ. ಆಳು ತಪ್ಪಿತಂತೆ! ನನ್ನ ಮಗಳಲ್ಲದೆ ಬೇರೆ ಯಾರದ್ದೋ ಮಗಳಾಗಿದ್ದರೆ ಸರಿಯಾಗುತ್ತಿತ್ತೇ? ಬಿಸಿ ಚಹಾದ ಲೋಟವನ್ನು ಅವನ ಕಾಲಬುಡಕ್ಕೆ ಎಸೆದು, ಆಗಲಿ ಕೇಸು, ಮೊಣಕಾಲು ಮುರಿದದ್ದನ್ನೂ ನಾನೇ ಹೇಳುತ್ತೇನೆ ಎಂದೆ. ನಿನ್ನ ಉಪ್ಪ ಮಾತ್ರ ಸ್ಟಿಕ್ಕರ್ ಇರಲಿ ಎಂದದ್ದು ತಾನು ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ನೀವು ಮಾಡಿದ್ದು ಮರ್ಯಾದೆ, ಅದು ತಪ್ಪಲ್ಲ ಎಂದು ದಿನಾ ಹೇಳುತ್ತಿದ್ದೇನೆ. ನಿನ್ನೆ ಡಯಾಲಿಸಿಸ್‌ಗೆ ಮತ್ತೆ ಬಸ್ಸಿನಲ್ಲೇ ಹೋದೆವು. ಕಾರು ಸ್ಟೇಷನ್ನಿನ ಅಂಗಳದಲ್ಲಿದೆ.

ಸೆಕೆಗೆ ನೀರು ಚೆನ್ನಾಗಿ ಕುಡಿ. ಮೂಸಕುಂಞಿಯ ಹತ್ತಿರ ಒರಟಾಗಿ ಮಾತಾಡಬೇಡ. ಉಪ್ಪನ ಸಲಾಂ, ಫರ್ಝಾನಾಳ ಸಲಾಂ. ನಮ್ಮನ್ನು ಸೃಷ್ಟಿಸಿದವನು ನಿನಗೆ ಆರೋಗ್ಯ ಕೊಡಲಿ, ಅದಕ್ಕಿಂತ ಮೊದಲು ಧೈರ್ಯ ಕೊಡಲಿ.

ನಿನ್ನ ಉಮ್ಮ,
ನೆಬೀಸ

ವಿ.ಸೂ.: ಮೂಸಕುಂಞಿ ಬಂದು ನಿಂತಿದ್ದಾನೆ. ಇಷ್ಟು ಬರೆದರೂ ಬರೆಯಬೇಕಾದದ್ದು ಉಳಿಯಿತು. ಸೋಮವಾರ ಸ್ಟೇಷನ್ನಿನಲ್ಲಿ ಪೊಲೀಸರು, ವಿಚಾರಣೆಗೆ ಕರೆಸಿದ್ದ ಸಿನಾನ್‌ನ ಮೊಬೈಲ್ ತೆಗೆದು, ಆ ಫೋಟೋ ಬಿದ್ದ ಗ್ರೂಪಿನ ಒಂದು ವಾಯ್ಸ್ ಮೆಸೇಜ್ ನನಗೆ ಕೇಳಿಸಿದರು. ನಂಬರು ಸೌದಿಯದ್ದು, ಹೆಸರಿನ ಜಾಗದಲ್ಲಿ ಏನೋ ಅಡ್ಡಹೆಸರು. ‘ನೋಡುದೆಂತ? ನಿಲ್ಲಿಸಿ, ಅವನ ಮುಖ ಒಡೀರಿ. ನಿಮ್ಮದೇ ಮನೆಯ ಹುಡುಗಿ ಅಂತ ತಿಳ್ಕೊಳ್ಳಿಯಾ’ ಎಂದು ಇತ್ತು. ‘ಯಾರ ಸ್ವರ ಅಂತ ಗೊತ್ತುಂಟಾ ಅಮ್ಮಾ?’ ಎಂದು ಕೇಳಿದರು. ಸರಿಯಾಗಿ ಕೇಳುವುದಿಲ್ಲ ಎಂದುಬಿಟ್ಟೆ. ನಿನ್ನ ಮೊದಲ ಅಳು ಕೇಳಿದವಳು ನಾನು. ಶನಿವಾರ ಮತ್ತೆ ಕೇಳುತ್ತಾರೆ, ಆಗ ನಿನ್ನ ಹೆಸರು ಹೇಳುತ್ತೇನೆ. ಅದಕ್ಕೆ ಮೊದಲು ನೀನೇ ಸ್ಟೇಷನ್ನಿಗೆ ಫೋನ್ ಮಾಡಿ ಹೇಳಿದರೆ ನನ್ನ ಮಗ ಎನ್ನುತ್ತೇನೆ. ಫರ್ಝಾನಾಳಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಅದನ್ನು ಅವಳ ಕೇಳುವ ಕಿವಿಗೆ ನೀನೇ ಹೇಳಬೇಕು.