ಹಾಲಮ್ಮನ ಚೀಲ ಎಂಬ ಕಾಲಂ

ಹಳೇ ಭಟ್ಟಿ ಸಾಲು, ದಾವಣಗೆರೆ
ಫೆಬ್ರವರಿ ೩೦, ೨೧೬೩

ಮುತ್ತಜ್ಜ ರೇವಣಪ್ಪನವರಿಗೆ ನಿಮ್ಮ ಮರಿಮಗಳು ಕೊಟ್ರಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಮುದುಕಿಯ ಕೈತಪ್ಪು ಅಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಲೆಕ್ಕದ ಯಂತ್ರಗಳಿಗೆ ಸಮ ತಿಂಗಳೇ ಅನುಕೂಲ ಎಂದು ಕ್ಯಾಲೆಂಡರನ್ನೇ ತಿದ್ದಿಬಿಟ್ಟರು. ಉಳಿದ ಐದು ದಿನಗಳನ್ನು ವರ್ಷದ ತುದಿಗೆ ಒಟ್ಟಿ ‘ಬಿಟ್ಟ ದಿನ’ ಎಂದು ಕರೆಯುತ್ತೇವೆ. ಆಗ ಯಾರೂ ಏನನ್ನೂ ಬರೆದಿಡುವಂತಿಲ್ಲ. ಕೊಟ್ಟದ್ದು ಕೊಟ್ಟ ಹಾಗೆ, ತಿಂದದ್ದು ತಿಂದ ಹಾಗೆ. ನನ್ನ ಮಾತೂ ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಶಾಲೆಯಲ್ಲಿ ಕಲಿತವಳಲ್ಲ. ನಿಮ್ಮ ಮನೆಯವರು, ನನ್ನ ಮುತ್ತಜ್ಜಿ ಸರ್ವಮಂಗಳಮ್ಮನವರ ಡೈರಿಗಳನ್ನು ತಿರುವಿ ಹಾಕುತ್ತಾ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡವಳು. ನೀವು ನನಗೆ ಮುತ್ತಜ್ಜನೇ ಸರಿ, ಆದರೆ ಈ ಕಾಗದ ಕೈಸೇರುವಾಗ ನಿಮಗೆ ಮೂವತ್ತಾರು, ನನಗೆ ಎಂಬತ್ತೊಂದು. ಹಾಗಾಗಿ ಅಜ್ಜ ಅಂತ ಕರೆಯುತ್ತಲೇ ಮೊಮ್ಮಗನಿಗೆ ಹೇಳುವಂತೆ ನಾಲ್ಕು ಮಾತು ಹೇಳುತ್ತೇನೆ.

ಎಂಬತ್ತು ದಾಟಿದವರಿಗೆ ಇಲ್ಲಿ ‘ಹಿಂದಂಚೆ’ಯಲ್ಲಿ ಒಂದೇ ಒಂದು ಕಾಗದ ಹಾಕುವ ಹಕ್ಕಿದೆ. ಹಿಂದಿನವರಿಗೆ ಹೋಗುವ ಅಂಚೆ ಅದು. ಹೆಚ್ಚಿನವರು ಸತ್ತ ತಾಯಿಗೆ ಬರೆಯುತ್ತಾರೆ. ನಾನು ಅವ್ವನನ್ನು ಬಿಟ್ಟು ನಿಮಗೆ ಬರೆಯುತ್ತಿದ್ದೇನೆಂದರೆ ವಿಷಯ ಎಷ್ಟು ಚುಚ್ಚಿರಬೇಕು ನೋಡಿ. ಮುಂದಿನ ಸೋಮವಾರ ನೀವು ಸಾಫ್ಟ್‌ವೇರಿನವರನ್ನು ಮಂಡಕ್ಕಿ ಭಟ್ಟಿಗೆ ಕರೆಸುತ್ತೀರಿ. ಅಕೌಂಟ್ಸ್ ಸಾಫ್ಟ್‌ವೇರನ್ನು ನಮಗೆ ಬೇಕಾದ ಹಾಗೆ ಬದಲಾಯಿಸಿಕೊಡಿ ಎನ್ನುತ್ತೀರಿ. ಅದರ ಬಗ್ಗೆಯೇ ಈ ಕಾಗದ.

ಮೊದಲು ನಮ್ಮ ಭಟ್ಟಿಯ ಸುದ್ದಿ ಕೇಳಿ. ಹೊಟ್ಟಿನ ಹೊಗೆ ಈಗಿಲ್ಲ. ಮಾಳಿಗೆಯ ಮೇಲೆ ‘ಬಿಸಿಲುಗಲ್ಲು’ ಹಾಸಿದ್ದೇವೆ. ಹಗಲೆಲ್ಲ ಬಿಸಿಲು ಕುಡಿದು ಮರುದಿನ ಮಧ್ಯಾಹ್ನದವರೆಗೂ ಮರಳನ್ನು ಕಾಯಿಸುತ್ತದೆ. ಉಪ್ಪು ನೀರು ತಾಗಿಸಿದ ಅಕ್ಕಿ ಆ ಮರಳಿಗೆ ಬಿದ್ದಾಗ ಏಳುವ ಸದ್ದು ಮಾತ್ರ ನಿಮ್ಮ ಕಾಲದ್ದೇ ಇರಬೇಕು. ಹುರಿಯುವ ಕೈಯ ಮಹಿಮೆಯೂ ಅದೇ. ಕೈ ಪಳಗಿದ್ದರೆ ಕಾಳು ಅರಳಿ ದೊಡ್ಡದಾಗುತ್ತದೆ, ಅದೇ ಒಂದು ಮೂಟೆ ಭತ್ತಕ್ಕೆ ಹೆಚ್ಚು ಸೇರು ಮಂಡಕ್ಕಿ ಬರುತ್ತದೆ. ತಕ್ಕಡಿಗೆ ಇದು ಕಾಣುವುದಿಲ್ಲ. ಅರಳಿದ್ದಕ್ಕೂ ಮುರುಟಿದ್ದಕ್ಕೂ ತೂಕ ಒಂದೇ. ಅದಕ್ಕೇ ನಾವು ಭತ್ತವನ್ನು ಕಿಲೋದಲ್ಲಿ ಕೊಂಡು ಮಂಡಕ್ಕಿಯನ್ನು ಸೇರಿನಲ್ಲಿ ಅಳೆಯುವವರು, ಹುರಿಯುವವರಿಗೆ ಕೂಲಿಯನ್ನೂ ಸೇರಿನ ಮೇಲೆ ಕೊಡುವವರು. ನೀವು ಕೊಂಡ ಸಾಫ್ಟ್‌ವೇರಿಗೆ ಗೊತ್ತಿದ್ದದ್ದು ಕಿಲೋ ಮಾತ್ರ.

ನಿಮ್ಮ ತಂಗಿ ಹಾಲಮ್ಮನವರು ನಿಮಗಿಂತ ಎರಡು ವರ್ಷ ಮೊದಲೇ ಅದೇ ಸಾಫ್ಟ್‌ವೇರ್ ಕೊಂಡಿದ್ದರಲ್ಲ. ಗೋಡೆಯಾಚೆಯ ಭಟ್ಟಿಗೆ ಸೊಸೆಯಾಗಿ ಹೋದವರು. ಡೈರಿಯ ಪ್ರಕಾರ ಅವರು ಒಂದು ವರ್ಷ ಅದನ್ನು ಬಂದದ್ದು ಬಂದ ಹಾಗೇ ಬಳಸಿದರು. ಪಕ್ಕದಲ್ಲಿ ಮೊಳೆಗೆ ಒಂದು ನೋಟ್‌ಬುಕ್ ನೇತುಹಾಕಿ, ಎಲ್ಲೆಲ್ಲಿ ಕೈ ತಡೆಯುತ್ತದೆಯೋ ಅಲ್ಲೆಲ್ಲ ಒಂದೊಂದು ಗೀಟು ಹಾಕಿದರು. ಬಿಲ್ಲಿನ ಅಂದಚಂದ, ಹೆಸರು ಬರುವ ಜಾಗ, ಇಂಥವೆಲ್ಲ ಎರಡು ತಿಂಗಳಲ್ಲಿ ರೂಢಿಯಾಗಿ ಗೀಟು ನಿಂತುಹೋಯಿತು. ಬೇಸಿಗೆಯಲ್ಲೂ ಮಳೆಗಾಲದಲ್ಲೂ ನಿಲ್ಲದೆ ಬಿದ್ದ ಗೀಟು ಸೇರಿನದೊಂದೇ. ಅದೊಂದನ್ನೇ ಬದಲಾಯಿಸಿಕೊಂಡು, ಯಾಕೆಂದು ಮೂರು ಸಾಲು ಬರೆದು ಅದರೊಳಗೇ ಸೇರಿಸಿಟ್ಟರು. ನೀವು ಮೊನ್ನೆ ಅವರ ಮನೆಗೆ ಹೋಗಿ ಆ ಪರದೆ ನೋಡಿ ಬಂದಿದ್ದೀರಿ. ‘ಇವರಿಗೆ ಊಟ ಸೇರಲಿಲ್ಲ. ತಂಗಿಗೆ ಇರುವುದು ನನಗೂ ಬೇಕು, ಅದಕ್ಕಿಂತ ಒಂದು ಹೆಚ್ಚೇ ಬೇಕು ಅಂತಿದ್ದಾರೆ’ ಎಂದು ಮುತ್ತಜ್ಜಿ ಬರೆದಿದ್ದಾರೆ.

ಆ ಒಂದು ಹೆಚ್ಚಿನದು ಏನೆಂದು ನನಗೆ ಗೊತ್ತು ಅಜ್ಜ. ಸೋಮವಾರ ನೀವು ಸೇರಿನ ಕಾಲಂ ಹಾಕಿಸಿ, ಅದರ ಬಗಲಲ್ಲೇ ‘ಹಾಲಮ್ಮನ ಚೀಲ’ ಎಂದು ಇನ್ನೊಂದು ಹಾಕಿಸುತ್ತೀರಿ. ತಂಗಿಯ ಅಂಗಳದಿಂದ ದಿನಕ್ಕೆ ಎಷ್ಟು ಚೀಲ ಮಂಡಕ್ಕಿ ಹೊರಟಿತು ಎಂದು ಮಾಳಿಗೆಯ ಕಿಟಕಿಯಿಂದ ಎಣಿಸಿ ಬರೆಯಲಿಕ್ಕೆ. ಅಷ್ಟೇ ಅಲ್ಲ, ನಮ್ಮ ಸೇರಿನ ಲೆಕ್ಕ ಅವರಿಗಿಂತ ಹೆಚ್ಚೋ ಕಡಿಮೆಯೋ ಎಂದೇ ತೋರಿಸಲಿ ಎಂದು ಎರಡನ್ನೂ ಗಂಟು ಹಾಕಿಸುತ್ತೀರಿ. ಯಾಕೆಂದು ಮಾತ್ರ ಎಲ್ಲೂ ಬರೆಯುವುದಿಲ್ಲ. ಹೇಗೆ ತಾನೇ ಬರೆದೀರಿ?

ಆಮೇಲೆ ನೂರ ಮೂವತ್ತೇಳು ವರ್ಷ ಈ ಮನೆಯವರೆಲ್ಲ ಆ ಕಾಲಂ ತುಂಬಿದರು. ನಮ್ಮಜ್ಜ ತುಂಬಿದ, ಅಪ್ಪ ತುಂಬಿದ. ನಾನು ಐವತ್ತು ವರ್ಷದಿಂದ ಕಿಟಕಿಯಲ್ಲಿ ನಿಂತು ತುಂಬುತ್ತಿದ್ದೇನೆ. ಈಗ ಆಚೆ ಭಟ್ಟಿ ಹಾಲಮ್ಮನವರ ಮರಿಮಗಳು ಚಂಪಕ್ಕಳದು, ನನ್ನ ವಾರಗೆಯವಳು. ಅವಳ ಬಿಸಿಲುಗಲ್ಲು ನಮ್ಮದಕ್ಕಿಂತ ಬೇಗ ಕಾಯುತ್ತದೆ ಎಂದು ನನಗೆ ಅನುಮಾನ. ಅವಳ ಗಿರಾಕಿಗಳು ನಗುನಗುತ್ತಾ ಹೋಗುತ್ತಾರೆ. ಮಿರ್ಚಿ ಕರಿದ ದಿನ ತಪ್ಪದೆ ನನಗೆ ಎರಡು ಕಳಿಸುತ್ತಾಳೆ. ಅವು ನಾನು ಕರಿದದ್ದಕ್ಕಿಂತ ರುಚಿಯಾಗಿರುತ್ತವೆ ಎನ್ನುವುದು ಇನ್ನೊಂದು ಸಂಕಟ. ಅವಳ ಒಳ್ಳೆಯತನಕ್ಕೂ ಹೊಟ್ಟೆ ಉರಿಸಿಕೊಂಡವಳು ನಾನು. ನಿಮ್ಮದೇ ರಕ್ತ, ಸುಳ್ಳು ಯಾಕೆ ಹೇಳಲಿ.

ಹೋದ ತಿಂಗಳು ‘ಹೊಂದಿಕೆ’ ಬಂತು. ಹದಿನೈದು ವರ್ಷಕ್ಕೊಮ್ಮೆ ಲೆಕ್ಕದ ಯಂತ್ರವನ್ನು ಪೂರ್ತಿ ಹೊಸದಾಗಿಸುವುದಕ್ಕೆ ಹಾಗನ್ನುತ್ತೇವೆ. ಮನೆಮನೆಯವರು ಸ್ವಂತಕ್ಕೆ ಮಾಡಿಸಿಕೊಂಡ ಬದಲಾವಣೆಗಳಿಗೆ ನಮ್ಮ ಮಾತಿನಲ್ಲಿ ‘ತೇಪೆ’. ಹಿಂದಿನ ಹೊಂದಿಕೆಗಳಲ್ಲಿ ತೇಪೆಗಳನ್ನು ಕೇಳದೇ ಸಾಗಿಸುತ್ತಿದ್ದರು, ಈ ಸಲ ಹಾಗಲ್ಲ. ಪ್ರತಿ ತೇಪೆಗೂ ಮನೆಯವರು ಕಾರಣ ಹೇಳಬೇಕು, ಹೇಳದಿದ್ದರೆ ಕಿತ್ತುಹಾಕುತ್ತಾರೆ. ನಮ್ಮ ಸಾಲಿನವರೆಲ್ಲ ಒಂದೇ ಕಟ್ಟೆಯ ಮೇಲೆ ಕೂತಿದ್ದೆವು. ಚಂಪಕ್ಕಳದು ಒಂದೇ ತೇಪೆ. ಹಾಲಮ್ಮನವರ ಮೂರು ಸಾಲು ಓದಿದರು, ಮುಗಿಯಿತು. ನಮ್ಮವು ಮೂವತ್ತೊಂದು. ಹೂಬಳ್ಳಿಯ ಅಂಚು, ಮೂರು ಬಣ್ಣದ ಹೆಸರು, ಯಾರಿಗೂ ಬೇಡದ ಪಟ್ಟಿಗಳು. ಒಂದೊಂದಕ್ಕೂ ಗೊತ್ತಿಲ್ಲ, ಗೊತ್ತಿಲ್ಲ ಎನ್ನುತ್ತಾ ಹೋದೆ, ಅವು ಉದುರುತ್ತಾ ಹೋದವು. ಬೇಸರವೇನೂ ಆಗಲಿಲ್ಲ. ಕೊನೆಗೆ ಹೊಂದಿಕೆಯವಳು ‘ಹಾಲಮ್ಮನ ಚೀಲ’ ಎಂದು ಓದಿ ಹಾಲಮ್ಮ ಯಾರು ಎಂದು ಕೇಳಿದಳು. ಕಟ್ಟೆಯ ಮೇಲೆ ಕೂತವರು ಮುಖ ಮುಖ ನೋಡಿಕೊಂಡು ನಕ್ಕರು. ಇದು ಹೋದರೆ ಇದಕ್ಕೆ ಗಂಟು ಬಿದ್ದು ಒಂದೇ ತೇಪೆಯಾಗಿರುವ ಸೇರಿನ ಕಾಲಮ್ಮೂ ಹೋಗುತ್ತದೆ ಎಂದು ಅವಳೇ ಎಚ್ಚರಿಸಿದಳು.

“ಕಾರಣ ಎಂಥದ್ದಾದ್ರೂ ಪರವಾಗಿಲ್ಲಮ್ಮ,” ಎಂದಳು. “ನಿಜ ಇದ್ರೆ ಸಾಕು.”

ಹೊಟ್ಟೆಕಿಚ್ಚು ಎಂದು ಒಂದು ಮಾತು ಅಂದಿದ್ದರೆ ಮುಗಿದಿತ್ತು. ನಿಜವಾದ ಕಾರಣ, ಒಪ್ಪಿಕೊಳ್ಳುತ್ತಿದ್ದಳು, ಸೇರು ಉಳಿಯುತ್ತಿತ್ತು. ಬಾಯಿಯವರೆಗೂ ಬಂತು. ಅಷ್ಟರಲ್ಲಿ ಚಂಪಕ್ಕ ನನ್ನ ಕಡೆ ತಿರುಗಿದಳು.

“ಅಲ್ಲ ಕೊಟ್ರಿ, ನಮ್ಮ ಮುತ್ತಜ್ಜಿ ಚೀಲ ನಿಮ್ಮೋರು ಯಾಕ ಎಣಿಸಿದ್ರು? ಕೇಳಿದ್ರ ಆಕೀನ ಹೇಳ್ತಿದ್ಲಲ್ಲ.”

ಅವಳು ಕುಹಕಕ್ಕೆ ಅಂದದ್ದಲ್ಲ. ಅದೇ ನನ್ನ ಬಾಯಿ ಕಟ್ಟಿಹಾಕಿತು. ಗೊತ್ತಿಲ್ಲ ಎಂದೆ. ಮೂವತ್ತು ಸಲ ಅಂದದ್ದು ನಿಜ, ಮೂವತ್ತೊಂದನೆಯದು ಸುಳ್ಳು.

ಈಗ ನಮ್ಮ ಭಟ್ಟಿಯಲ್ಲಿ ಎಲ್ಲವೂ ಕಿಲೋ, ಹೊಸ ತೇಪೆ ಹಾಕಿಸುವುದಿದ್ದರೆ ಇನ್ನು ಮುಂದಿನ ಹೊಂದಿಕೆಗೇ. ಸೇರನ್ನು ಕೈಯಲ್ಲಿ ಬರೆದುಕೊಳ್ಳೋಣ ಎಂದರೆ ಯಂತ್ರದಲ್ಲಿಲ್ಲದ ಲೆಕ್ಕಕ್ಕೆ ಕೂಲಿ ಕೊಡುವಂತಿಲ್ಲ, ನಮ್ಮ ಕಾಲದ ಕಾನೂನು ಹಾಗಿದೆ. ಜೈತುನಬಿ ನಮ್ಮಲ್ಲಿ ಹುರಿಯುವವಳು. ಅವಳ ಅಜ್ಜಿಯೂ ನಮ್ಮಲ್ಲೇ ಹುರಿದವಳು. ಅವಳ ಕೈಯಲ್ಲಿ ಕಾಳು ಮಲ್ಲಿಗೆ ಮೊಗ್ಗು ಬಿರಿದ ಹಾಗೆ ಬಿರಿಯುತ್ತದೆ, ಈ ಸಾಲಿನಲ್ಲಿ ಆ ಕೈ ಇನ್ನೊಂದಿಲ್ಲ. ಅವಳಿರುವವರೆಗೆ ಚಂಪಕ್ಕಳಿಗಿಂತ ಒಂದು ವಿಷಯದಲ್ಲಾದರೂ ನಾನು ಮೇಲು ಅಂದುಕೊಂಡು ಬದುಕಿದ್ದೆ. ನಿನ್ನೆ ಜೈತುನಬಿ ಬಂದು ಜಗುಲಿಯ ಮೇಲೆ ಕೂತಳು. ಕೂತವಳೇ ಅಂದಳು:

“ಕಿಲೋ ಲೆಕ್ಕಕ್ಕೆ ನನ್ ಕೈಯೂ ಒಂದೇ, ನಿನ್ನೆ ಬಂದೋರ್ ಕೈಯೂ ಒಂದೇ ಅಮ್ಮ. ಆಚೆ ಸೇರ್ ಐತಿ. ಒಂದ್ನೇ ತಾರೀಖಿಂದ ಅಲ್ಲಿಗೆ ಹೋಕ್ಕೀನಿ.”

ಕೂಲಿ ಜಾಸ್ತಿ ಕೊಡುತ್ತೇನೆ ಎಂದೆ. ಕೂಲಿಯ ಮಾತಲ್ಲ ಎಂದಳು. ಅದು ನನಗೂ ಗೊತ್ತಿತ್ತು. ಒಂದನೇ ತಾರೀಖು ಅಂದರೆ ನಾಳೆ.

ಅಜ್ಜ, ನನಗೆ ನಿಮ್ಮ ಮೇಲೂ ಹೊಟ್ಟೆಕಿಚ್ಚು. ನಿಮ್ಮ ಮುಂದೆ ಇನ್ನೂ ಒಂದು ಸೋಮವಾರವಿದೆ, ಗೋಡೆಯಾಚೆ ಜೀವಂತ ಹಾಲಮ್ಮ ಇದ್ದಾರೆ. ಸಾಫ್ಟ್‌ವೇರಿನವರನ್ನು ಕರೆಸಬೇಡಿ ಎಂದು ನಾನು ಹೇಳುವುದಿಲ್ಲ. ಬೇರೆಯವರ ಪರದೆ ನೋಡಿ ಬಂದ ವಾರ ಮಾತ್ರ ಬೇಡ. ಒಂದು ವರ್ಷ ಅದನ್ನು ಇದ್ದ ಹಾಗೇ ಬಳಸಿ. ಕೈ ತಡೆದದ್ದು ರೂಢಿಯಿಂದ ಸರಿಹೋದರೆ ಅದು ನಮ್ಮ ಹಟ, ಬಿಟ್ಟುಬಿಡಿ. ವರ್ಷ ತಿರುಗಿದರೂ ಅದೇ ಜಾಗದಲ್ಲಿ ತಡೆಯುತ್ತಿದ್ದರೆ ಅದು ನಮ್ಮ ಕಸುಬು. ಅದಕ್ಕೆ ದುಡ್ಡು ಸುರಿದರೂ ನಷ್ಟವಿಲ್ಲ. ತಂಗಿಯ ಚೀಲ ಎಷ್ಟೆಂದು ತಿಳಿಯಲೇಬೇಕಾದರೆ ಗೋಡೆ ಸುತ್ತಿ ಹೋಗಿ, ಅವರ ಅಂಗಳದಲ್ಲಿ ಕೂತು ಚಹಾ ಕುಡಿದು ಕೇಳಿ. ಹೇಳುತ್ತಾರೆ.

ಸೇರಿನ ಕಾಲಂ ಹಾಕಿಸಿದ ದಿನ, ಯಾಕೆ ಹಾಕಿಸಿದಿರಿ ಎಂದು ನಿಮ್ಮ ಕೈಯಿಂದಲೇ ಎರಡು ಸಾಲು ಬರೆದಿಡಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಓದಿಕೊಳ್ಳಲಿಕ್ಕೆ ನಾನಿದ್ದೇನೆ.

ನಿಮ್ಮ ಮರಿಮಗಳು,
ಕೊಟ್ರಮ್ಮ