ಹಲಸೂರು ಕೆರೆಯ ಹಬೆಯಂತ್ರ

ಹಲಸೂರು
9 ನವೆಂಬರ್ 2003

ಭೀಮಾಶಂಕರ ಅವರಿಗೆ,

ನಾಗರತ್ನಾಳ ನಮಸ್ಕಾರ. ‘ರೀ’ ಎಂದು ಬರೆಯುವುದು ಈಗ ಸರಿಯಲ್ಲ, ‘ಶ್ರೀಯುತರು’ ಎಂದರೆ ನನಗೇ ನಗು ಬರುತ್ತದೆ. ಹೆಸರೇ ಇರಲಿ. ನಾನು ಕ್ಷೇಮ. ಶಾಲೆಯ ಹತ್ತಿರವೇ ಒಂದು ಕೋಣೆ ಬಾಡಿಗೆಗೆ ಸಿಕ್ಕಿದೆ. ನಿಮ್ಮ ಕೃಷ್ಣರಾಜಪುರದ ವಿಳಾಸವನ್ನು ನಿಮ್ಮ ತಮ್ಮ ಬಸು ಕೊಟ್ಟ. ಅವನನ್ನು ಬೈಯಬೇಡಿ, ನಾನೇ ಒತ್ತಾಯಿಸಿದ್ದು.

ಇದು ವಿಚ್ಛೇದನದ, ಕೋರ್ಟಿನ ವಿಷಯದ ಕಾಗದವಲ್ಲ, ನಮ್ಮ ಕಥೆಯ ವಿಷಯದ್ದು. ಮದುವೆಯಾದ ಹೊಸತರಲ್ಲಿ ಕಗ್ಗದಾಸಪುರದ ಮನೆಯಲ್ಲಿ ಒಂದು ಪುಟ ನೀವು, ಒಂದು ಪುಟ ನಾನು ಬರೆದದ್ದು. 1898ರ ಪ್ಲೇಗಿನ ಕಾಲ. ದಂಡಿನ ಇಂಗ್ಲಿಷರ ಬಂಗಲೆಗಳಿಗೆ ನೀರು ಹೊರುವ ಅಯ್ಯಮ್ಮ ಹಲಸೂರು ಕೆರೆ ಏರಿಯ ಮೇಲೆ ಹಬೆಯಿಂದ ಓಡುವ ಲೆಕ್ಕದ ಯಂತ್ರ ಕಟ್ಟುತ್ತಾಳೆ. ಯಾವ ಗಲ್ಲಿಯಲ್ಲಿ ಎಷ್ಟು ಇಲಿ ಸತ್ತವು ಎಂದು ತಿಳಿಸಿದರೆ ರೋಗ ಮುಂದೆ ಎತ್ತ ಹೋಗುತ್ತದೆಂದು ಅದು ಹೇಳುತ್ತದೆ. ನಾವು ಕಳಿಸಿದ ವಾರಪತ್ರಿಕೆಯವರು ‘ಇತಿಹಾಸವೋ ವಿಜ್ಞಾನವೋ, ಒಂದನ್ನು ಆರಿಸಿಕೊಳ್ಳಿ’ ಎಂದು ವಾಪಸು ಕಳಿಸಿದರು. ನೀವು ನಕ್ಕುಬಿಟ್ಟಿರಿ. “ಅವರಿಗಿ ತಿಳಿಲಾರ್ದಂಗ ಬರದೀವಿ ಅಂದ್ರ ಛಲೋನೇ ಅದ ಬಿಡು.”

ಹೋದ ತಿಂಗಳು ಶಾಲೆಯ ಸಹೋದ್ಯೋಗಿ ಮಾರಿಯಾ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ಕೊಟ್ಟಳು. ಇಂಥ ಕಥೆಗಳಿಗೆ ಹೊರದೇಶದಲ್ಲಿ ಒಂದು ಹೆಸರೇ ಇದೆ: ಸ್ಟೀಮ್‌ಪಂಕ್. ಅಮೆರಿಕದ ಲೇಖಕನೊಬ್ಬ, ಅವನ ಇಬ್ಬರು ಗೆಳೆಯರು ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನ ಮೇಲೆ ವಿಚಿತ್ರ ಕಥೆಗಳನ್ನು ಬರೆಯುತ್ತಿದ್ದರಂತೆ. ಆಗ ಸೈಬರ್‌ಪಂಕ್ ಎಂಬ ಕಂಪ್ಯೂಟರ್ ಕಥೆಗಳ ಭರಾಟೆ. 1987ರಲ್ಲಿ ಆತ ಒಂದು ಪತ್ರಿಕೆಗೆ ಕಾಗದ ಬರೆದು, ನಮ್ಮದು ಉಗಿಯ ಕಾಲದ್ದು, ಸ್ಟೀಮ್‌ಪಂಕ್ ಎಂದು ಕರೆಯೋಣ ಎಂದು ಅರ್ಧ ತಮಾಷೆಗೆ ಸೂಚಿಸಿದ. ಅದೇ ನಿಂತುಬಿಟ್ಟಿತು. ನೂರು ವರ್ಷದ ಹಿಂದೆ ಉಗಿಯಂತ್ರಗಳನ್ನು ನೋಡುತ್ತ ವಿಜ್ಞಾನದ ಕಥೆ ಕಟ್ಟಿದವರಿಗೆ ಅದು ನಾಳೆಯ ಮಾತು. ಇವರಿಗೆ, ನಮಗೆ, ಅದು ನಡೆಯದೇ ಹೋದ ನಿನ್ನೆ. ಓದುತ್ತ ಓದುತ್ತ ನಿಮಗೆ ಹೇಳಬೇಕೆನ್ನಿಸಿತು. ಮನೆಯಲ್ಲಿ ಯಾರೂ ಇರಲಿಲ್ಲ.

ಮರುದಿನವೇ ಕಥೆ ಹಿಡಿದು, ಅಂದು ಅದನ್ನು ವಾಪಸು ಕಳಿಸಿದ ವಾರಪತ್ರಿಕೆಯ ಕಚೇರಿಗೇ ಹೋದೆ. ಈಗ ಯಶೋದಮ್ಮ ಎಂಬುವರು ಸಂಪಾದಕಿ. ಎಲ್ಲ ಕೇಳಿ, “ಇದಕ್ಕೊಂದು ಹೆಸರಿದೆ ಅಂತ ಮೊದ್ಲೇ ಹೇಳ್ಬಾರ್ದಿತ್ತೇನ್ರೀ?” ಎಂದರು. ನಮಗೇ ಗೊತ್ತಿರಲಿಲ್ಲ ಎಂದೆ. ಆಮೇಲೆ ಅವರು, “ಯಂತ್ರ ಕಟ್ಟೋನು ಒಬ್ಬ ಇಂಗ್ಲಿಷ್ ದೊರೆ ಆಗ್ಲಿ. ನೀರು ಹೊರೋಳು ಕಟ್ಟಿದ್ಲು ಅಂದ್ರೆ ಯಾರು ನಂಬ್ತಾರೆ?” ಎಂದರು. “ಹಬೆಯಿಂದ ಲೆಕ್ಕ ಮಾಡೋ ಯಂತ್ರ ನಂಬ್ತಾರೆ, ಅಯ್ಯಮ್ಮನ್ನ ನಂಬಲ್ವಾ ಮೇಡಂ?” ಎಂದು ಕೇಳಿ ಕಥೆ ಎತ್ತಿಕೊಂಡು ಮೆಟ್ಟಿಲಿಳಿದೆ. ಅವರು ಹಿಂದೆಯೇ ಬಂದು ಬಾಗಿಲಲ್ಲಿ ತಡೆದು, ಅಯ್ಯಮ್ಮನೇ ಇರಲಿ ಎಂದರು.

ಕಥೆ ಈ ವಾರ ಬಂದಿದೆ, ಇಬ್ಬರ ಹೆಸರಿನಲ್ಲಿ. ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ.

ಕೊನೆಯ ಪುಟದ ಬಗ್ಗೆ ನಮಗೆ ಒಪ್ಪಂದವಾಗಿರಲಿಲ್ಲ. ಬಾಯ್ಲರ್ ಸಿಡಿದು ಅಯ್ಯಮ್ಮ ಸಾಯಬೇಕು ಎನ್ನುತ್ತಿದ್ದಿರಿ ನೀವು. ಯಂತ್ರ ಓಡುತ್ತಲೇ ಇರಬೇಕು ಎನ್ನುತ್ತಿದ್ದೆ ನಾನು. ಈಗ ಓದಿದರೆ ಅದು ಸಿಡಿಯದೆ ಇರುವುದು ಸಾಧ್ಯವಿಲ್ಲ ಅನ್ನಿಸಿತು. ಸಿಡಿಸಿದ್ದೇನೆ. ಅಯ್ಯಮ್ಮನನ್ನು ಮಾತ್ರ ಬದುಕಿಸಿದ್ದೇನೆ.

ಮಕ್ಕಳಾಗಲಿಲ್ಲವೆಂದು ನಿಮ್ಮ ಅವ್ವ ನನ್ನನ್ನು ಅಂದಾಗಲೆಲ್ಲ ನೀವು ಸುಮ್ಮನೆ ಕೂತಿರುತ್ತಿದ್ದಿರಿ. ಅದನ್ನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ಆ ಮನೆಯಲ್ಲಿ ನಾವು ಜಗಳವಾಡದೆ ಮಾತಾಡಿದ್ದು ಈ ಕಥೆಯ ವಿಷಯ ಒಂದೇ. ಅದನ್ನೂ ಮರೆಯಲಾಗುತ್ತಿಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡಿ.

ಇಂತಿ,
ನಾಗರತ್ನಾ

ತಾ.ಕ.: ಇದೇ 17ರ ಸೋಮವಾರ ಕೋರ್ಟಿಗೆ ಬರುತ್ತೇನೆ, ಸಹಿಯನ್ನೂ ಹಾಕುತ್ತೇನೆ. ಆ ಮನಸ್ಸು ಬದಲಾಗಿಲ್ಲ. ಆದರೆ ಯಶೋದಮ್ಮನವರು ನಮ್ಮನ್ನು ಇನ್ನೂ ಒಟ್ಟಿಗಿರುವ ಗಂಡ ಹೆಂಡತಿ ಎಂದುಕೊಂಡು, ಇಬ್ಬರೂ ಸೇರಿ ಇನ್ನೊಂದು ಕಥೆ ಕೊಡಿ ಎಂದರು. ಆಗಲಿ ಅಂದುಬಿಟ್ಟಿದ್ದೇನೆ. ಸಹಿ ಆದ ಮೇಲೆ ಕ್ಯಾಂಟೀನಿನಲ್ಲಿ ಕೂತು ಯೋಚಿಸೋಣ. ಮೊದಲ ಪುಟ ನೀವು ಬರೆಯಿರಿ.